ಅಜ್ಜಿಗೊಂದು ಇಲಾಖೆ, ಮೊಮ್ಮಗನಿಗೊಂದು ಇಲಾಖೆ ಯಾಕೆ?

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳಲ್ಲಿ ಒಂದೊಂದು ಕಡೆಯಾದರೂ ಅಂಗನವಾಡಿ ಅಥವಾ ಸರ್ಕಾರದ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಇರುವ ಕಾಂಪೌಂಡಿನೊಳಗೇ ವಯಸ್ಸಾದವರಿಗೊಂದು ಹಗಲು ಕೇಂದ್ರ ಇರಲಿ. ದಿನಕ್ಕೆ ಒಂದೆರಡು ತಾಸು ಮಕ್ಕಳೂ ಹಿರಿಯರೂ ಒಂದೇ ಅಂಗಳದಲ್ಲಿ ಕಳೆಯಲಿ. ಇನ್ನು, ಯಾವ ಆಸರೆಯೂ ಉಳಿಯದೆ ಅಜ್ಜಿಯೂ ಮೊಮ್ಮಕ್ಕಳೂ ಸರ್ಕಾರದ ಆಶ್ರಯಕ್ಕೆ ಬರಬೇಕಾದ ಸಂದರ್ಭ ಬಂದರೆ ಅವರನ್ನು ಬೇರೆ ಬೇರೆ ಊರಿಗೆ ಕಳಿಸಬೇಡಿ. ಒಂದೇ ಆವರಣದ ಎರಡು ಕಟ್ಟಡಗಳಲ್ಲಿ ಇಡಿ. ಇಷ್ಟೇ.

ಈ ಮಾತಿಗೆ ಎದುರು ಮಾತುಗಳು ಸಾಕಷ್ಟು ಬಂದಿವೆ. ಕೆಲವು ಸುಮ್ಮನೆ ತಳ್ಳಿಹಾಕುವ ಮಾತು, ಕೆಲವು ನಿಜಕ್ಕೂ ತೂಕದವು. ಎಲ್ಲಕ್ಕೂ ಉತ್ತರ ಕೊಡುವುದು ಬೇಡಿಕೆ ಇಟ್ಟವರ ಹೊಣೆ.

ಮೊದಲ ಆಕ್ಷೇಪ ನಮ್ಮ ಊರಿನ ಹಿರಿಯರಿಂದಲೇ ಬಂದದ್ದು. "ಇದು ಜಪಾನ್, ಅಮೆರಿಕದವರ ಪದ್ಧತಿ. ನಮ್ಮಲ್ಲಿ ಮನೆ ಅಂದ ಮೇಲೆ ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿಯೇ ಇರುತ್ತಾರೆ. ಕೇಂದ್ರ ಕಟ್ಟಿ ಕೂಡಿಸುವ ಗತಿ ನಮಗೆ ಬಂದಿಲ್ಲ" ಎಂದು.

ಜಪಾನಿನಲ್ಲಿ ಇದೆ, ನಿಜ. ಟೋಕಿಯೊದ ಎದೊಗಾವಾದಲ್ಲಿ ಕೊತೋಯೆನ್ ಎಂಬ ಸಂಸ್ಥೆ ವೃದ್ಧಾಶ್ರಮದ ಜೊತೆಗೇ ಶಿಶುಪಾಲನಾ ಕೇಂದ್ರವನ್ನು 1970ರ ದಶಕದಿಂದ ನಡೆಸಿಕೊಂಡು ಬಂದಿದೆ. ಅಮೆರಿಕದ ಸಿಯಾಟಲ್ ನಗರದ ಒಂದು ವೃದ್ಧಾಶ್ರಮದೊಳಗೆ 1991ರಿಂದ ಮಕ್ಕಳ ಶಾಲೆ ನಡೆಯುತ್ತಿದೆ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಪಕ್ಕದ ಮಹಾರಾಷ್ಟ್ರದ ವರೋರಾದಲ್ಲಿ ಬಾಬಾ ಆಮ್ಟೆ ಕಟ್ಟಿದ ಆನಂದವನದಲ್ಲಿ ಕುಷ್ಠದಿಂದ ಗುಣವಾದವರು, ಅಂಗವಿಕಲರು, ವಯಸ್ಸಾದವರು, ಅನಾಥ ಮಕ್ಕಳು ಒಂದೇ ನೆಲದಲ್ಲಿ ಬದುಕುತ್ತಾರೆ. ಅದು ಯಾರನ್ನೂ ನಕಲು ಮಾಡಿ ಹುಟ್ಟಿದ್ದಲ್ಲ.

ಇನ್ನು ಕೂಡು ಕುಟುಂಬದ ಮಾತು. ಚಿಂಚೋಳಿ ತಾಲ್ಲೂಕಿನ ಯಾವುದಾದರೂ ತಾಂಡಾಕ್ಕೆ ತೊಗರಿ ರಾಶಿ ಮುಗಿದ ಮೇಲೆ ಹೋಗಿ ನೋಡಿ. ದುಡಿಯುವ ವಯಸ್ಸಿನವರು ಹೈದರಾಬಾದ್, ಪುಣೆ, ಮುಂಬೈ ಕಡೆ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಉಳಿಯುವುದು ಎರಡೇ ತಲೆಮಾರು, ಅರವತ್ತು ದಾಟಿದವರು ಮತ್ತು ಹತ್ತು ತುಂಬದವರು. ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ರೈಲಿಗೆ ಕಾಯುವ ಚೀಲಗಳ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಹಾಬಾದಿನದು ಇನ್ನೊಂದು ಬಗೆ. ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಹೋದವರು ಎಷ್ಟೋ ಮಂದಿ. ಒಮ್ಮೆ ಪಾಳಿಯ ಸೈರನ್ನಿಗೆ ಏಳುತ್ತಿದ್ದ ಮುದುಕರು ಈಗ ಮನೆ ಮುಂದಿನ ಪರಸಿ ಕಲ್ಲಿನ ಕಟ್ಟೆಯ ಮೇಲೆ ಹಗಲು ಕಳೆಯುತ್ತಾರೆ. ಕುಟುಂಬ ಮುರಿಯಿತೆಂದು ಯಾರನ್ನೂ ದೂರಬೇಕಾಗಿಲ್ಲ. ಮಳೆ ನಂಬಿದ ಹೊಲ, ಒಂದೇ ಬೆಳೆ, ತೀರಿಸಬೇಕಾದ ಸಾಲ, ಇವೇ ಕಾರಣ. ಕೇಂದ್ರ ಬೇಕೆನ್ನುವುದು ಈ ಉಳಿದ ಎರಡು ತಲೆಮಾರಿಗಾಗಿ.

ನಾನು ಕಣ್ಣಾರೆ ಕಂಡದ್ದೊಂದನ್ನು ಇಲ್ಲಿ ಹೇಳಬೇಕು. ಚಿಂಚೋಳಿ ಕಡೆಯ ಒಂದು ಅಂಗನವಾಡಿ. ಬೆಳಿಗ್ಗೆ ಮೊಮ್ಮಗಳನ್ನು ಬಿಡಲು ಬಂದ ಆಯಿ ಮನೆಗೆ ಹಿಂತಿರುಗಲಿಲ್ಲ. ಮೊಣಕಾಲು ನೋವು, ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಮಧ್ಯಾಹ್ನ ಮತ್ತೆ ಬರಬೇಕು. ಹೊಸ್ತಿಲ ಹೊರಗೆ ಕೂತು ಸಹಾಯಕಿಯ ಕೈಯಿಂದ ಮೊರ ಇಸಿದುಕೊಂಡು ಅಕ್ಕಿಯಲ್ಲಿ ಹರಳು ಆರಿಸತೊಡಗಿದಳು. ಅಷ್ಟರಲ್ಲಿ ನಾಲ್ಕು ಮಕ್ಕಳು ಅವಳ ಸುತ್ತ ಕೂತು ತಾವೂ ಹರಳು ಹೆಕ್ಕಿದರು. ಹೆಕ್ಕಿದ್ದನ್ನು ನೆಲದ ಮೇಲೆ ಸಾಲಾಗಿಟ್ಟು ಲಂಬಾಣಿಯಲ್ಲಿ ಎಣಿಸಿದರು. ಒಂದು ಕೂಸು ಎಂಟರ ನಂತರ ತಪ್ಪಿದಾಗಲೆಲ್ಲ ಆಯಿ ಮೊದಲಿನಿಂದ ಎಣಿಸಲು ಹಚ್ಚಿದಳು. ಟೀಚರಮ್ಮ ಒಳಗಿನಿಂದ ಬಂದು ಮೆಲ್ಲಗೆ ಅಂದರು: "ಆಯಿ, ಮೇಡಂ ಬರೋ ಹೊತ್ತಾಯ್ತು, ನೀವು ಸ್ವಲ್ಪ ಆಚಿ ಕೂಡ್ರಿ." ಟೀಚರಮ್ಮನ ತಪ್ಪಿಲ್ಲ. ತಪಾಸಣೆಗೆ ಬರುವವರ ವಹಿಯಲ್ಲಿ ಆಯಿಗೆ ಕಾಲಂ ಇಲ್ಲ. ಆಯಿ ಎದ್ದು ಬೇವಿನ ಗಿಡದ ಕೆಳಗೆ ಹೋಗಿ ಕೂತಳು. ಮಕ್ಕಳು ಹರಳುಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ನಮ್ಮ ಬೇಡಿಕೆಯ ಮೊದಲರ್ಧವೆಂದರೆ ಆ ವಹಿಯಲ್ಲಿ ಒಂದು ಕಾಲಂ.

ಎರಡನೆಯ ಆಕ್ಷೇಪ ಮಕ್ಕಳ ಹಕ್ಕುಗಳಿಗಾಗಿ ದುಡಿಯುವವರದು. ಅದನ್ನು ನಾನು ಗೌರವದಿಂದ ಕೇಳುತ್ತೇನೆ. "ಮಗು ಬೆಳೆಯಬೇಕಾದ್ದು ಕುಟುಂಬದಲ್ಲಿ. ಚೆಂದದ ಹೆಸರಿಟ್ಟು ಇನ್ನೊಂದು ಆಶ್ರಮ ಕಟ್ಟಿದರೆ ಮಕ್ಕಳನ್ನು ಅಲ್ಲಿ ತಂದು ಬಿಡುವವರೇ ಹೆಚ್ಚುತ್ತಾರೆ" ಎಂಬುದು ಅವರ ಆತಂಕ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮು ಇದನ್ನೇ ಹೇಳುತ್ತದೆ: ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ಎಲ್ಲ ದಾರಿ ಮುಗಿದ ಮೇಲೆ. ಇದರಲ್ಲಿ ನಮಗೂ ಅವರಿಗೂ ಭೇದವಿಲ್ಲ. ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಂದೆ ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿಗೆ ಅವಕಾಶವಿದೆ. ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಿಂದ 1,200 ರೂಪಾಯಿ ಬರುತ್ತದೆ. ಈ ಎರಡೂ ತಪ್ಪದೆ ಕೈಸೇರಿದರೆ ಎಷ್ಟೋ ಅಜ್ಜಿಯರು ಮೊಮ್ಮಕ್ಕಳನ್ನು ತಮ್ಮ ಸೂರಿನಡಿಯೇ ಸಾಕುತ್ತಾರೆ. ಅವರಿಗೆ ಬೇಕಾದ್ದು ಅರ್ಜಿ ಬರೆದುಕೊಡುವ ಒಂದು ಕೈ, ಹಗಲು ಹೊತ್ತು ಕೂರಲು ಒಂದು ನೆರಳು. ನಾವು ಕೇಳುವ ಹಗಲು ಕೇಂದ್ರದಲ್ಲಿ ಈ ಎರಡೂ ಸಿಗುತ್ತವೆ. ಅಂದರೆ ಅದು ಮಗುವನ್ನು ಆಶ್ರಮದ ಬಾಗಿಲಿಗೆ ತಲುಪದಂತೆ ತಡೆಯುತ್ತದೆ.

ಅದನ್ನೂ ಮೀರಿದ ಕಷ್ಟ ಇದ್ದೇ ಇದೆ. ಮನೆ ಬಿದ್ದು ಹೋದ, ಕಣ್ಣು ಕಾಣದ, ಜಮೀನಿಲ್ಲದ ಮುದುಕಿ, ಅವಳ ಸೆರಗು ಹಿಡಿದ ಆರೇಳು ವರ್ಷದ ಕೂಸು. ಇವರಿಬ್ಬರೂ ಒಟ್ಟಿಗೆ ಬಂದರೆ ಇಂದಿನ ವ್ಯವಸ್ಥೆಯಲ್ಲಿ ಕೂಸಿನ ಹಾದಿ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಜಿಲ್ಲಾ ಕೇಂದ್ರದ ಬಾಲಮಂದಿರಕ್ಕೆ, ಅಜ್ಜಿಯ ಹಾದಿ ಎಲ್ಲಿ ಹಾಸಿಗೆ ಖಾಲಿ ಇದೆಯೋ ಆ ವೃದ್ಧಾಶ್ರಮಕ್ಕೆ. ಆ ಕೂಸಿಗೆ ಉಳಿದಿದ್ದ ಕುಟುಂಬವೆಂದರೆ ಅಜ್ಜಿಯೊಬ್ಬಳೇ. ಕುಟುಂಬದ ಹೆಸರಿನಲ್ಲಿ ನಮ್ಮನ್ನು ವಿರೋಧಿಸುವವರು ಈ ಬೇರ್ಪಡಿಕೆಯ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ಮಾತಾಡಬೇಕೆಂದು ನನ್ನ ಕೋರಿಕೆ.

ಮೂರನೆಯದು ಸುರಕ್ಷತೆ. ಇದಕ್ಕೆ ಸಮಯ ಕೊಡಲೇಬೇಕು, ಯಾಕೆಂದರೆ ಇದು ತಾಯಂದಿರ ಪ್ರಶ್ನೆ. "ವಯಸ್ಸಾದವರೆಲ್ಲ ಒಳ್ಳೆಯವರೇ ಅಂತ ಯಾರು ಹೇಳಿದರು? ನನ್ನ ಮಗಳನ್ನು ಗುರುತಿಲ್ಲದ ಮುದುಕನ ಪಕ್ಕ ಹೇಗೆ ಕೂಡಿಸಲಿ?" ಎಂದು ವಾಡಿಯ ತಾಯಿಯೊಬ್ಬಳು ನೇರವಾಗಿ ಕೇಳಿದಳು. ನರೆಗೂದಲು ಸಜ್ಜನಿಕೆಯ ಪ್ರಮಾಣಪತ್ರವಲ್ಲ ಎಂಬ ಅವಳ ಮಾತನ್ನು ಒಪ್ಪಿಕೊಂಡೇ ಉತ್ತರಿಸುತ್ತೇನೆ.

ಮಗುವಿಗೆ ಅಪಾಯ ಒದಗುವುದು ಮುಚ್ಚಿದ ಬಾಗಿಲ ಹಿಂದೆ, ಒಬ್ಬರೇ ಇರುವ ಹೊತ್ತಿನಲ್ಲಿ, ಹೇಳಿದರೂ ನಂಬುವವರಿಲ್ಲದ ಕಡೆ. ಹಾಗಾಗಿ ನಿಯಮಗಳು ಇವನ್ನೇ ಗುರಿಯಾಗಿಡಬೇಕು. ಮಲಗುವ ಕೋಣೆ, ಶೌಚಾಲಯ, ಸ್ನಾನದ ಮನೆ ಪೂರ್ತಿ ಬೇರೆ, ನಡುವೆ ಬೀಗ. ಒಟ್ಟಿಗೆ ಸೇರುವುದು ಅಂಗಳದಲ್ಲಿ ಅಥವಾ ನಾಲ್ಕೂ ಕಡೆಯಿಂದ ಕಾಣುವ ಪಡಸಾಲೆಯಲ್ಲಿ ಮಾತ್ರ. ಇಬ್ಬರು ತರಬೇತಾದ ಸಿಬ್ಬಂದಿ ಕಣ್ಣೆದುರಿಗಿಲ್ಲದೆ ಯಾವ ಹಿರಿಯರೂ ಯಾವ ಮಗುವಿನ ಜೊತೆ ಇರಕೂಡದು. ಒಳಗೆ ಬರುವ ಪ್ರತಿಯೊಬ್ಬರಿಗೂ, ಹಿರಿಯರಿಗೂ ಅಡುಗೆಯವರಿಗೂ ದಾನಿಗಳಿಗೂ, ಪೊಲೀಸ್ ಪರಿಶೀಲನೆ. ದಾನಿಯೆಂಬ ಕಾರಣಕ್ಕೆ ಯಾರಿಗೂ ರಿಯಾಯಿತಿ ಬೇಡ. ಮಕ್ಕಳ ಘಟಕಕ್ಕೆ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತ್ಯೇಕ ನೋಂದಣಿ, ಪ್ರತ್ಯೇಕ ತಪಾಸಣೆ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅನುಮಾನ ಬಂದರೂ ತಿಳಿಸುವುದು ಎಲ್ಲರ ಕರ್ತವ್ಯ. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 21ನೇ ಕಲಮಿನಲ್ಲಿ ಜೈಲು ಇದೆ. 1098 ಮಕ್ಕಳ ಸಹಾಯವಾಣಿ, 1090 ಹಿರಿಯರ ಸಹಾಯವಾಣಿ. ಎರಡೂ ಸಂಖ್ಯೆಗಳನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಬರೆಸಬೇಕು.

ಹಿರಿಯರ ಸುರಕ್ಷತೆಯೂ ಇದೆ. ಓಡುವ ಹುಡುಗ ಡಿಕ್ಕಿ ಹೊಡೆದರೆ ಎಪ್ಪತ್ತೈದರ ಅಜ್ಜಿಯ ಸೊಂಟ ಮುರಿಯುತ್ತದೆ. ನಮ್ಮ ಕಡೆ ನೆಲಕ್ಕೆ ಹಾಕುವುದು ಶಹಾಬಾದ್ ಕಲ್ಲು. ಪಾಲಿಶ್ ಮಾಡಿದ ಕಲ್ಲು ನೀರು ಬಿದ್ದರೆ ಜಾರುತ್ತದೆ, ಒರಟು ಕಲ್ಲು ಅಷ್ಟು ಜಾರುವುದಿಲ್ಲ. ಒರಟು ಕಲ್ಲು ಹಾಸಿ, ಗೋಡೆಯುದ್ದಕ್ಕೂ ಹಿಡಿಕೆ ಕೊಟ್ಟು, ಮೆಟ್ಟಿಲ ಬದಲು ಇಳಿಜಾರು ಮಾಡಿದರೆ ಆಗ ತಾನೇ ನಡೆಯಲು ಕಲಿಯುವವರಿಗೂ ನಡಿಗೆ ತಪ್ಪುತ್ತಿರುವವರಿಗೂ ಅನುಕೂಲ. ಮರೆವಿನ ಕಾಯಿಲೆ ಬಲಿತು ಸಿಟ್ಟಿಗೇಳುವವರನ್ನು ಮಕ್ಕಳ ಗುಂಪಿಗೆ ತರುವುದು ಬೇಡ. ಅವರಿಗೆ ಶಾಂತವಾದ ಕೋಣೆ, ಬೇರೆ ಆರೈಕೆ ಬೇಕು. ಮಕ್ಕಳ ಗದ್ದಲ ಬೇಡವೆನ್ನುವ ಹಿರಿಯರನ್ನೂ ಒತ್ತಾಯಿಸಬಾರದು. ವಯಸ್ಸಾದವರಿಗೂ ಇಷ್ಟಾನಿಷ್ಟ ಇರುತ್ತದೆ.

ವೈದ್ಯರೊಬ್ಬರ ಆಕ್ಷೇಪ ರೋಗದ ಕುರಿತದ್ದು. ಮಕ್ಕಳು ನೆಗಡಿ, ಜ್ವರ ತರುತ್ತಾರೆ. ಮುದುಕರಿಂದ ಕ್ಷಯ ತಗಲಬಹುದು. ಇದು ಊಹೆಯ ಭಯವಲ್ಲ. ಕಲ್ಲುಗಣಿಯ ಧೂಳು ಕುಡಿದು ದುಡಿದವರ ಊರುಗಳು ಇವು. ಕೆಮ್ಮನ್ನು "ಧೂಳಿನ ಕೆಮ್ಮು" ಎಂದು ಬಿಟ್ಟುಬಿಡುವ ರೂಢಿಯೂ ಇಲ್ಲಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಕ್ಷಯ ಬೇಗ ಗಂಭೀರವಾಗುತ್ತದೆ. ಆದ್ದರಿಂದ ಕೇಂದ್ರಕ್ಕೆ ಸೇರುವ ಹಿರಿಯರಿಗೆಲ್ಲ ಕಫ ಪರೀಕ್ಷೆ, ಎಕ್ಸ್‌ರೇ ಆಗಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಷ್ಟಾದರೆ ಇಂದು ಯಾರ ಕಣ್ಣಿಗೂ ಬೀಳದೆ ಗುಡಿಸಲಲ್ಲಿ ಮೊಮ್ಮಗನ ಮಗ್ಗುಲಲ್ಲೇ ಮಲಗಿ ಕೆಮ್ಮುತ್ತಿರುವ ಅಜ್ಜನ ಕ್ಷಯವೂ ಪತ್ತೆಯಾಗುತ್ತದೆ. ಈಗಲೂ ಅವರು ಕೂಡಿಯೇ ಇದ್ದಾರೆ, ಪರೀಕ್ಷೆ ಮಾತ್ರ ಇಲ್ಲ. ಇತ್ತ ಮಕ್ಕಳಿಗೆ ಹಾಕುವ ನ್ಯುಮೊಕಾಕಲ್ ಲಸಿಕೆ ಈಗ ಸರ್ಕಾರಿ ಪಟ್ಟಿಯಲ್ಲೇ ಇದೆ, ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಮಕ್ಕಳಿಗೆ ಆ ಲಸಿಕೆ ಬಂದ ಮೇಲೆ ಮುದುಕರಲ್ಲೂ ನ್ಯುಮೊಕಾಕಲ್ ಸೋಂಕು ಇಳಿದದ್ದನ್ನು ಅಮೆರಿಕದಲ್ಲಿ ಕಂಡಿದ್ದಾರೆ. ಲಸಿಕೆ ಕಾರ್ಡು ತೋರಿಸದೆ ಮಗುವಿಗೆ ಪ್ರವೇಶವಿಲ್ಲ, ಜ್ವರ ಬಂದವರು ಆ ವಾರ ಅಂಗಳಕ್ಕೆ ಬರುವಂತಿಲ್ಲ ಎಂಬ ನಿಯಮ ಸಾಕು. ವೈದ್ಯರು ದೂರ ನಿಂತು ಬೇಡವೆನ್ನುವ ಬದಲು ತಿಂಗಳಿಗೊಮ್ಮೆ ಬಂದು ನೋಡಿದರೆ ಉಪಕಾರ.

ಐದನೆಯ ಆಕ್ಷೇಪವನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಚಹಾ ಕುಡಿಯುವಾಗ ಹೇಳುತ್ತಾರೆ. "ಅಡುಗೆ ಯಾರು ಮಾಡ್ತಾರ? ಯಾರ ಪಕ್ಕ ಯಾರು ಕೂಡ್ತಾರ?" ಅದರದೇ ಇನ್ನೊಂದು ಮುಖವನ್ನು ಯುವಕರು ಹೇಳುತ್ತಾರೆ: "ಮುದುಕರು ಜಾತಿ ಬಿಟ್ಟಿಲ್ಲ. ಮಕ್ಕಳಿಗೂ ಅದನ್ನೇ ಕಲಿಸುತ್ತಾರೆ."

ಮೊದಲನೆಯವರಿಗೆ ನನ್ನ ಉತ್ತರ ಸಣ್ಣದು. ಅಂಗನವಾಡಿ ಅಡುಗೆಗೆ ಯಾವ ನಿಯಮವೋ ಇಲ್ಲಿಗೂ ಅದೇ ನಿಯಮ. ನೇಮಕಾತಿ ಮೀಸಲಾತಿಯಂತೆ, ಪಂಕ್ತಿ ಒಂದೇ. ಒಪ್ಪದವರು ಮನೆಯಿಂದ ಬುತ್ತಿ ತಂದುಕೊಳ್ಳಬಹುದು, ಆದರೆ ಬೇರೆ ಪಂಕ್ತಿ ಹಾಕಿಸುವಂತಿಲ್ಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹಕ್ಕೂ ಬಂದೇನವಾಜರ ದರ್ಗಾಕ್ಕೂ ಹೋಗಿ ಉಂಡು ಬರುವ ಜನ ನಾವು. ಅಲ್ಲಿ ಕೇಳದ ಪ್ರಶ್ನೆಯನ್ನು ಇಲ್ಲಿ ಕೇಳಬಾರದು.

ಎರಡನೆಯ ಮಾತು ಹೆಚ್ಚು ಯೋಚನೆ ಬೇಡುತ್ತದೆ. ಮುದುಕರ ಬಾಯಲ್ಲಿ ಜಾತಿಯ ಮಾತು ಬರುತ್ತದೆ, ನಿಜ. ಮನೆಯಲ್ಲೂ ಬರುತ್ತದೆ, ಅಲ್ಲಿ ತಡೆಯುವವರಿಲ್ಲ. ಹಗಲು ಕೇಂದ್ರದಲ್ಲಿ ಅದನ್ನು ಅಲ್ಲೇ ತಡೆಯಬಲ್ಲ ಟೀಚರ್ ಇರುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ತಾಂಡಾದ ಮಗು, ಹೊಲಗೇರಿಯ ಮಗು, ಗೌಡರ ಓಣಿಯ ಅಜ್ಜ, ಮೊಹಲ್ಲಾದ ದಾದಿ ಊಟದ ಒಂದೇ ಸಾಲಿನಲ್ಲಿ ವರ್ಷಗಟ್ಟಲೆ ಕೂತರೆ ಬದಲಾಗುವುದು ಮಕ್ಕಳೇ ಎಂದು ಯಾಕೆ ಅಂದುಕೊಳ್ಳಬೇಕು? ಅಜ್ಜಂದಿರೂ ಬದಲಾಗಬಹುದು. ಮೊಟ್ಟೆಯ ವಿಷಯದಲ್ಲಿ ಇದನ್ನು ನಾವು ನೋಡಿದ್ದೇವೆ. 2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದ್ದು ಕಲ್ಯಾಣ ಕರ್ನಾಟಕದ ಕಡೆ, ಅಪೌಷ್ಟಿಕತೆ ಇಲ್ಲಿ ಹೆಚ್ಚೆಂಬ ಕಾರಣಕ್ಕೆ. ದೊಡ್ಡ ವಿರೋಧ ಎದ್ದಿತು. ಬೇಡವಾದವರಿಗೆ ಬಾಳೆಹಣ್ಣು ಕೊಟ್ಟರು. ತಿನ್ನುವವರು ತಿಂದರು, ಒಂದೇ ಸಾಲಿನಲ್ಲಿ ಕೂತೇ ತಿಂದರು. ಅಂದಹಾಗೆ, ಹಲ್ಲಿಲ್ಲದ, ರೊಟ್ಟಿ ಅಗಿಯಲಾಗದ ಹಿರಿಯರಿಗೂ ಮೆತ್ತಗಿನ ಮೊಟ್ಟೆ, ಬೇಯಿಸಿದ ತೊಗರಿಬೇಳೆ ಅಷ್ಟೇ ಅಗತ್ಯ. ಒಂದೇ ಅಡುಗೆಮನೆಯಿಂದ ಎರಡೂ ಆಗುತ್ತದೆ.

"ಪುಕ್ಕಟೆ ಆಯಾ ಕೆಲಸ ಮಾಡಿಸುವ ಹುನ್ನಾರ ಇದು" ಎಂದು ಕಾರ್ಮಿಕ ಸಂಘದ ಗೆಳೆಯರೊಬ್ಬರು ಅಂದರು. ಆ ಎಚ್ಚರ ಬೇಕು. ಹಿರಿಯರು ಬರುವುದು ತಮ್ಮ ಹೊತ್ತಿಗಾಗಿ. ಕೂಸು ತೊಳೆಯಲು, ಎತ್ತಿ ಆಡಿಸಲು, ಕಾಯಲು ಅವರನ್ನು ಲೆಕ್ಕಕ್ಕೆ ಹಿಡಿದು ಸಿಬ್ಬಂದಿ ಕಡಿಮೆ ಮಾಡಿದರೆ ನಾನೇ ಮೊದಲು ವಿರೋಧಿಸುತ್ತೇನೆ. ಕೂಸಿನ ಮನೆ ಯೋಜನೆಯಲ್ಲಿ ಉದ್ಯೋಗ ಖಾತ್ರಿ ಕಾರ್ಡಿರುವ ಮಹಿಳೆಯರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಿದ್ದಾರೆ. ಅವರ ಕೂಲಿ ಸರಿಯಾಗಿ, ತಡವಾಗದೆ ಸಿಗಬೇಕು. ಹಾಗೆಯೇ ಮಕ್ಕಳನ್ನು ಹಿರಿಯರ ಸೇವೆಗೆ ಹಚ್ಚಕೂಡದು. ನೀರು ಕೊಟ್ಟರೆ ಪ್ರೀತಿ, ಪಾಳಿ ಹಚ್ಚಿದರೆ ದುಡಿಮೆ.

ಸಾವಿನ ಪ್ರಶ್ನೆಯನ್ನು ಕೇಳುವವರು ಬಹುತೇಕ ಪಟ್ಟಣದವರು. ಇವತ್ತು ಕತೆ ಹೇಳಿದ ಅಜ್ಜ ನಾಳೆ ಇಲ್ಲವಾದರೆ ಮಗುವಿನ ಮನಸ್ಸಿಗೆ ಗಾಯವಾಗದೇ ಎಂದು ಕೇಳುತ್ತಾರೆ. ಆಗುತ್ತದೆ. ಆದರೆ ನಮ್ಮ ಊರುಗಳಲ್ಲಿ ಮಕ್ಕಳು ದೊಡ್ಡವರ ಹೆಗಲ ಮೇಲೆ ಕೂತು ಮಣ್ಣಿಗೆ ಹೋಗಿ ಬರುತ್ತಾರೆ, ಮನೆಗೆ ಬಂದು ಮೈ ತೊಳೆದುಕೊಂಡು ಉಣ್ಣುತ್ತಾರೆ, ರಾತ್ರಿ ಅಮ್ಮನನ್ನು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಲು ಟೀಚರಿಗೆ ತರಬೇತಿ ಇರಲಿ. ಸುಳ್ಳು ಹೇಳುವುದು ಬೇಡ.

ಕಡೆಗೆ ದುಡ್ಡು. "ಇರುವ ಅಂಗನವಾಡಿಗೇ ಸ್ವಂತ ಕಟ್ಟಡವಿಲ್ಲ, ಇದಕ್ಕೆಲ್ಲಿಂದ ತರೋಣ?" ಎಂದು ಅಧಿಕಾರಿಗಳು ಕೇಳುತ್ತಾರೆ. ಸುಣ್ಣದ ಕಲ್ಲು ಅಗೆದು ಒಯ್ಯುತ್ತಿರುವ ನೆಲದಲ್ಲಿ ನಿಂತು ಈ ಪ್ರಶ್ನೆ ಕೇಳುವುದು ಸರಿಯಲ್ಲ. ವಾಡಿಯಲ್ಲಿ, ಮಳಖೇಡ ಬಳಿ, ಸೇಡಂ ಪಟ್ಟಣದಲ್ಲಿ, ಕೋಡ್ಲಾದಲ್ಲಿ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ, ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಕಾನೂನಿನ ಮಿತಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು. ಅದಕ್ಕಿಂತ ನಮ್ಮ ಹಕ್ಕಿಗೆ ಹತ್ತಿರವಾದದ್ದು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಮಾಡಿದರು. ಗಣಿ ಗುತ್ತಿಗೆದಾರರು ರಾಜಧನದ ಮೇಲೆ ಹಳೆಯ ಗುತ್ತಿಗೆಯಾದರೆ ಶೇ 30, ಹರಾಜಿನ ಹೊಸ ಗುತ್ತಿಗೆಯಾದರೆ ಶೇ 10 ಇದಕ್ಕೆ ಕೊಡಬೇಕು. ಗಣಿಯಿಂದ ಬಾಧಿತವಾದ ಊರುಗಳಿಗೇ ಈ ಹಣ. ಆದ್ಯತೆಯ ಕೆಲಸಗಳಿಗೆ ಕನಿಷ್ಠ ಶೇ 60 ಇಡಬೇಕೆಂದು ಆಗಿನ ಮಾರ್ಗಸೂಚಿ ಹೇಳಿತು. ಆ ಆದ್ಯತೆಯ ಪಟ್ಟಿಯನ್ನು ಓದಿ ನೋಡಿ: ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ ಎಂದಿದೆ, ಅದರ ಬೆನ್ನಿಗೇ ವೃದ್ಧರು ಮತ್ತು ಅಂಗವಿಕಲರ ಕಲ್ಯಾಣ ಎಂದಿದೆ. ಎರಡು ತಲೆಬರಹದ ಹಣದಿಂದ ಒಂದು ಆವರಣ ಕಟ್ಟಲು ಬೇಕಾದ್ದು ಒಂದು ಪ್ರಸ್ತಾವನೆ ಮತ್ತು ಜಿಲ್ಲಾಧಿಕಾರಿಗಳ ಸಹಿ. ಒಂದೇ ಅಡುಗೆಮನೆ, ಒಂದೇ ಕಾವಲು, ಒಂದೇ ನೀರಿನ ಟ್ಯಾಂಕ್ ಎಂದ ಮೇಲೆ ಖರ್ಚು ಎರಡು ಬೇರೆ ಆವರಣಗಳಿಗಿಂತ ಕಡಿಮೆಯೇ ಆಗುತ್ತದೆ.

"ಇಲಾಖೆಗಳು ಬೇರೆ, ಕಡತ ಹೊಂದುವುದಿಲ್ಲ" ಎಂಬುದೊಂದು ಉಳಿದಿದೆ. ಮಕ್ಕಳದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಹಿರಿಯರದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. 2023ರಲ್ಲಿ ಬಂದ ಸರ್ಕಾರದಲ್ಲಿ ಈ ಎರಡೂ ಖಾತೆಗಳನ್ನು ಕೊಟ್ಟಿದ್ದು ಲಕ್ಷ್ಮಿ ಹೆಬ್ಬಾಳಕರ ಒಬ್ಬರಿಗೇ. ಕೂಸಿನ ಮನೆ ನಡೆಸುವ ಗ್ರಾಮೀಣಾಭಿವೃದ್ಧಿ ಖಾತೆ ಸಿಕ್ಕಿದ್ದು ಪ್ರಿಯಾಂಕ್ ಖರ್ಗೆ ಅವರಿಗೆ, ಅವರು ಆರಿಸಿ ಬಂದಿರುವುದೇ ಚಿತ್ತಾಪುರದಿಂದ. 2007ರ ಪಾಲಕರ ಪೋಷಣಾ ಕಾಯ್ದೆಯಡಿ ಹಿರಿಯರ ಅರ್ಜಿ ಕೇಳುವ ನ್ಯಾಯಮಂಡಳಿ ನಡೆಸುವವರು ಉಪವಿಭಾಗಾಧಿಕಾರಿಗಳು, ಅವರ ಕಚೇರಿ ಸೇಡಂನಲ್ಲೇ ಇದೆ. ಇಷ್ಟು ಹತ್ತಿರದಲ್ಲಿ ಇಷ್ಟೂ ಅಧಿಕಾರ ಕೂಡಿರುವಾಗ ಕಡತಗಳು ಕೂಡುವುದಿಲ್ಲ ಎಂಬ ಉತ್ತರವನ್ನು ಒಪ್ಪಲಾಗದು.

ಹೊಸ ಕಟ್ಟಡಕ್ಕೆ ಕಾಯುವುದೂ ಬೇಡ. ಮಕ್ಕಳ ಸಂಖ್ಯೆ ಇಳಿದು ಕೋಣೆ ಖಾಲಿ ಬಿದ್ದ ಸರ್ಕಾರಿ ಶಾಲೆ ಎಲ್ಲಿದೆಯೋ ಅಲ್ಲಿಂದ ಶುರುವಾಗಲಿ. ಪ್ರತಿ ತಾಲ್ಲೂಕಿಗೆ ಒಂದು ಊರು ಆರಿಸಿ, ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ಉಪವಿಭಾಗಾಧಿಕಾರಿಗಳಿಗೂ ಖನಿಜ ನಿಧಿಯ ಸಮಿತಿಗೂ ಕಳಿಸೋಣ. ಆಕ್ಷೇಪ ಎತ್ತಿದ ಎಲ್ಲರೂ ಆ ಸಭೆಗೆ ಬರಬೇಕು. ಸುರಕ್ಷತೆಯ ನಿಯಮ ಬರೆಯುವ ಸಮಿತಿಯಲ್ಲಿ ವಾಡಿಯ ಆ ತಾಯಿಗೆ ಮೊದಲ ಜಾಗ, ವೈದ್ಯರಿಗೆ ಎರಡನೆಯದು.